ನಮ್ಮ ಮನೆಯವರು ಗೋಲು ತಡೆದ ಮೈದಾನ

ಮದುವೆಯಾಗಿ ಎಂಟು ದಿನ ಆಗಿರಲಿಲ್ಲ, ಆ ಗೋಲಿನ ಕಥೆಯನ್ನು ನಾನು ಮೊದಲ ಸಲ ಕೇಳಿದೆ. ಕೋಲ್ಕತ್ತಾದ ದೊಡ್ಡ ಫುಟ್‌ಬಾಲ್ ಮೈದಾನ. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು. ವಿದ್ಯಾಪೀಠದ ತಂಡದ ಗೋಲ್‌ಕೀಪರ್ ನಮ್ಮ ಮನೆಯವರು. ಎದುರಿನವನು ಒದ್ದ ಚೆಂಡು ಬಲಕ್ಕೆ ಬರುವ ಹಾಗೆ ಕಂಡು ಎಡಕ್ಕೆ ತಿರುಗುತ್ತದೆ, ಇವರು ಗಾಳಿಯಲ್ಲೇ ಮೈ ಹೊರಳಿಸಿ ಕಿರುಬೆರಳಿನ ತುದಿಯಿಂದ ಅದನ್ನು ಕಂಬದ ಆಚೆ ದಬ್ಬುತ್ತಾರೆ. ಪುರಾವೆಗೆ ಬೆರಳು ಇದ್ದೇ ಇದೆ, ಇವತ್ತಿಗೂ ಸೊಟ್ಟಗಿದೆ.

ಮೂವತ್ತು ವರ್ಷದಲ್ಲಿ ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ಮೈದಾನ ಅರ್ಧ ತುಂಬಿರುತ್ತಿತ್ತು. ಮಗಳು ಹುಟ್ಟುವ ಹೊತ್ತಿಗೆ ಪೂರ್ತಿ ತುಂಬಿತು. ಅವಳ ಮದುವೆಯಲ್ಲಿ ಬೀಗರ ಮುಂದೆ ಹೇಳುವಾಗ ಜನ ಮರ ಹತ್ತಿ ಕೂತಿದ್ದರು. ನಾನು ಕಲಘಟಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಯಾವ ಹುಡುಗ ನಿಬಂಧವನ್ನು ತಾನೇ ಬರೆದಿದ್ದಾನೆ, ಯಾವನು ಗೈಡ್ ನೋಡಿ ಇಳಿಸಿದ್ದಾನೆ ಎಂದು ಮೂರು ಸಾಲು ಓದಿದರೆ ನನಗೆ ಗೊತ್ತಾಗುತ್ತದೆ. ಹಾಗಾಗಿ ಕಥೆ ಮುಗಿದ ಕೂಡಲೇ "ಇವತ್ತ ಚೆಂಡು ಎಷ್ಟ್ ಎತ್ತರ ಬಂತ್ರಿ?" ಎಂದು ಕೇಳುವುದು ನನ್ನ ಪದ್ಧತಿ. ಟವೆಲ್ ಕೊಡವಿ ಹೊಲಕ್ಕೆ ಹೋಗುವುದು ಅವರ ಪದ್ಧತಿ.

ಆ ಕಥೆಯನ್ನು ಅಕ್ಷರ ಬಿಡದೆ ನಂಬಿದವರು ನಮ್ಮ ಅತ್ತೆ ಒಬ್ಬರೇ. ಈಗ ಅವರಿಗೆ ಎಂಬತ್ತರ ಹತ್ತಿರ. ಮಜ್ಜಿಗೆ ಕೇಳಲು ಬಂದ ಹೆಣ್ಣುಮಕ್ಕಳಿಗೆ ಮಜ್ಜಿಗೆಯ ಜೊತೆ ಮಗನ ಗೋಲನ್ನೂ ಬಡಿಸಿ ಕಳಿಸುತ್ತಾರೆ. ಫುಟ್‌ಬಾಲ್ ಎಂದರೆ ಏನು ಎಂದು ಅವರಿಗೆ ಗೊತ್ತಿಲ್ಲ. ಹೊಡೆಯುವುದು ಪುಣ್ಯವೋ ತಡೆಯುವುದು ಪುಣ್ಯವೋ ಎಂದು ನನ್ನನ್ನು ಒಂದು ಸಲ ಗುಟ್ಟಾಗಿ ಕೇಳಿದ್ದರು. ನಿಮ್ಮ ಮಗ ತಡೆದರೆ ತಡೆಯುವುದೇ ಪುಣ್ಯ ಅಂದಿದ್ದೆ.

ಕಳೆದ ದೀಪಾವಳಿ ಮುಗಿದ ಮೇಲೆ ನಮ್ಮ ಮನೆಯವರ ಹಳೆಯ ತಂಡದವರೊಬ್ಬರ ಫೋನು ಬಂತು. ಅವರು ಮಗನ ಸಂಗಡ ಕೋಲ್ಕತ್ತಾ ನೋಡಲು ಹೋಗಿದ್ದರಂತೆ. ಆ ಮೈದಾನದಲ್ಲಿ ಈಗ ಒಂದು ಮ್ಯೂಸಿಯಂ ಮಾಡಿದ್ದಾರಂತೆ, ಹಳೆಯ ಬೂಟು, ಹಳೆಯ ಚೆಂಡು, ಗೆದ್ದ ಕಪ್ಪುಗಳು ಎಲ್ಲ ಇವೆಯಂತೆ. ಒಂದು ಗೋಡೆಯ ಮೇಲೆ ನಮ್ಮ ವಿದ್ಯಾಪೀಠದ ತಂಡದ ಫೋಟೊ ತೂಗುಹಾಕಿದ್ದಾರಂತೆ. ಇವರು ಫೋನು ಇಟ್ಟವರೇ ಪಡಸಾಲೆಗೆ ಬಂದು, "ನಮ್ಮ ಟೀಮಿನ ಫೋಟೊ ಮ್ಯೂಸಿಯಮ್ಮಿನಾಗ ಹಾಕ್ಯಾರಂತ ಅವ್ವಾ!" ಎಂದು ಘೋಷಣೆ ಮಾಡಿಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ನನ್ನ ಮಗನ ಫೋಟೊ ಅಷ್ಟ್ ದೂರದ ಊರಾಗ ಐತೇನು? ನಾ ಸಾಯೂದ್ರಾಗ ಒಮ್ಮೆ ನೋಡ್ಬೇಕು ನೋಡವಾ," ಎಂದು ನನಗೆ ಹೇಳಿದರು.

ಭತ್ತ ಮನೆಗೆ ಬಂದ ಮೇಲೆ ಹೋಗುವುದು ಎಂದು ನಿರ್ಧಾರವಾಯಿತು. ಮೊದಲು ನಾವು ಮೂವರು. ಇವರ ಬಾಲ್ಯದ ದೋಸ್ತರೊಬ್ಬರು ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುತ್ತಾರೆ, ಅವರನ್ನು ಬಿಟ್ಟು ಇವರು ಹುಬ್ಬಳ್ಳಿಗೂ ಹೋಗುವವರಲ್ಲ, ಹಾಗಾಗಿ ನಾಲ್ವರು. ನಾನು ಶಾಲೆಯಿಂದ ಬರುತ್ತಾ ಅವರ ಅಂಗಡಿಗೆ ಹೋಗಿ ಸುದ್ದಿ ಹೇಳಿದಾಗ ಅವರು ತೊಟ್ಟಿಲಿನ ಕಾಲಿಗೆ ಅರಗು ಹಿಡಿಯುತ್ತಿದ್ದರು. ಕೈ ನಿಂತಿತು.

"ಫೋಟೊ ಐತಂತೇನ್ರಿ ವೈನಿ? ಅದರಾಗ ಇಂವಾ ಅದಾನಂತೇನು?"

"ಟೀಮಿನ ಫೋಟೊದಾಗ ಗೋಲ್‌ಕೀಪರ್ ಇರದ ಇರ್ತಾರೇನ್ರಿ?"

"ಹೌದಲ್ರಿ," ಎಂದು ಅವರು ಮತ್ತೆ ಕೆಲಸ ಮುಂದುವರಿಸಿದರು. "ನನಗ ಬ್ಯಾರೆ ಏನೂ ಬ್ಯಾಡ್ರಿ. ಹಾದಿಯಾಗ ಸಮುದ್ರ ಹತ್ತಿದ್ರ ಒಂದ್ ತಾಸು ಇಳಸ್ರಿ, ಸಾಕು."

ಪ್ರವಾಸದ ವಹಿ ನನ್ನ ಪಾಲಿಗೆ ಬಂತು, ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ. ಮೊದಲ ಪುಟದಲ್ಲಿ ನಾನು ಬರೆದದ್ದು ಇಷ್ಟೇ: ಹುಬ್ಬಳ್ಳಿಯಿಂದ ಹೌರಾ ರೈಲು, ಮೈದಾನ ಒಂದು ದಿನ, ಮ್ಯೂಸಿಯಂ ಒಂದು ದಿನ, ವಾಪಸ್. ಮಾರನೆಯ ದಿನ ಬಾಜೂ ಮನೆಯ ಚಿಗವ್ವ ಬಂದರು. ಆ ರೈಲು ಮಾರ್ಕಾಪುರದ ಮೇಲೆ ಹೋಗುತ್ತದಂತೆ, ಅಲ್ಲಿ ಇಳಿದರೆ ಶ್ರೀಶೈಲ.

"ಹಾದಿ ಮ್ಯಾಲ ಮಲ್ಲಯ್ಯ ಕುಂತಾನ, ಅವಗ ಕೈ ಮುಗೀದ ಮುಂದ ಹೋಗ್ತೀರೇನು?" ಅಂದರು.

ಇಂಥ ಮಾತಿಗೆ ನಮ್ಮ ಕಡೆ ಇಲ್ಲ ಎನ್ನುವ ಉತ್ತರವೇ ಇಲ್ಲ. ಶ್ರೀಶೈಲ ಬರೆದೆ, ಚಿಗವ್ವ ಮತ್ತು ಕಾಕಾ ಸೇರಿ ಆರು ಜನ. ಆಮೇಲೆ ಓಣಿಯ ತುದಿಯ ಮನೆಯವರಿಗೆ ಪುರಿ ಹಾದಿ ಮೇಲೆ ಇದೆ ಎಂದು ಗೊತ್ತಾಯಿತು. ನನ್ನ ಶಾಲೆಯ ಹಿಂದಿ ಟೀಚರಿಗೆ ಕಾಳಿ ಗುಡಿ ನೋಡಬೇಕಿತ್ತು, ಅವರ ಅತ್ತೆಗೆ ಸೊಸೆಯನ್ನು ಒಬ್ಬಳೇ ಬಿಡಬಾರದಿತ್ತು. ಕೊನೆಗೆ ಯಾರೋ ಒಬ್ಬರು, "ಅಲ್ಲಿತನಕ ಹೋಗಿ ಕಾಶಿ ಬಿಡೂದ?" ಎಂದರು. ಕಾಶಿ ಯಾವ ನಕಾಶೆಯಲ್ಲೂ ಹಾದಿಯ ಮೇಲಿಲ್ಲ. ಆದರೆ ಕಾಶಿಯ ವಿಷಯದಲ್ಲಿ ನಕಾಶೆ ತೆಗೆಯುವುದು ಅಪಚಾರ. ನಾನು ಸುಮ್ಮನೆ ಪುಟ ತಿರುವಿ ಬರೆದೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಹಾಗಾಯಿತು. ಜನ ಹದಿನಾಲ್ಕಾದರು, ದೇವರುಗಳು ಒಂಬತ್ತಾದರು. ಮೈದಾನ ಮೊದಲು ಎರಡು ದಿನದಿಂದ ಒಂದು ದಿನಕ್ಕೆ ಇಳಿಯಿತು, ಆಮೇಲೆ ಅರ್ಧ ದಿನ, ಆಮೇಲೆ ಕಾಳಿ ಗುಡಿಯ ಮತ್ತು ಊಟದ ನಡುವಿನ ಎರಡು ತಾಸು. ಪ್ರತಿ ಸಲ ಪೆನ್ಸಿಲಿನಿಂದ ಕಡಿಮೆ ಮಾಡುವಾಗ ನಾನು ಇವರ ಮುಖ ನೋಡುತ್ತಿದ್ದೆ, ಈಗ ಸಿಟ್ಟಿಗೇಳುತ್ತಾರೆ ಎಂದು. ಅವರು ಸಿಟ್ಟಿಗೇಳಲಿಲ್ಲ. ಬದಲಿಗೆ "ಮತ್ತ ಭುವನೇಶ್ವರ? ಅದೂ ಹಾದಿ ಮ್ಯಾಲ ಐತಿ," ಎಂದು ತಾವೇ ಒಂದು ಸೇರಿಸಿದರು. ನಮ್ಮ ಮನೆಯವರು ಸ್ವಂತ ಊರಿನ ಗುಡಿಗೆ ಹೋಗಬೇಕಾದರೆ ನಾನು ಎರಡು ಸಲ ಕೂಗಬೇಕು. ನನಗೆ ಆಗಲೇ ಸಂಶಯ ಬರಬೇಕಿತ್ತು.

ಮಂದಿಗೆ ಮೈದಾನ ಎಂದರೆ ಹತ್ತನೆಯ ಗುಡಿ ಎಂಬಂತೆ ಆಗಿತ್ತು. ಚಿಗವ್ವ ಅಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳಿದರು. ಕಾಕಾ ಪ್ರಸಾದದ ವ್ಯವಸ್ಥೆ ಇದೆಯೋ ಇಲ್ಲ ಬುತ್ತಿ ಒಯ್ಯಬೇಕೋ ಎಂದು ಕೇಳಿದರು. ತಲೆಗೆ ನೀರು ಹಾಕಿಕೊಂಡೇ ಹೋಗಬೇಕೇನು ಎಂದು ಒಬ್ಬರು ಕೇಳಿದಾಗ ನಾನು ಹೌದು ಅಂದುಬಿಟ್ಟೆ. ಅವರು ಅದಕ್ಕಾಗಿ ಬೇರೆ ಸೀರೆ ತೆಗೆದಿಟ್ಟರು.

ಮೈದಾನದ ಮರ್ಯಾದೆ ಉಳಿಸಿದವರು ಅತ್ತೆ. ಎರಡು ತಾಸು ಎಂದು ಕೇಳಿದ ದಿನ ಅವರು ನನ್ನ ಕೈಯಿಂದ ವಹಿ ಇಸಿದುಕೊಂಡು, ಓದಲು ಬರದಿದ್ದರೂ ಪುಟವನ್ನೇ ದಿಟ್ಟಿಸಿದರು.

"ನನ್ನ ಮಗನ ಜಾಗಾ ಹಿಂಗ ಸಂದಿಯಾಗ ತುರುಕಬ್ಯಾಡ್ರಿ. ಅದಕ್ಕ ಸೋಮವಾರ ಇಡ್ರಿ, ಪೂರಾ ಸೋಮವಾರ."

ನಮ್ಮೂರು ಬಮ್ಮಿಗಟ್ಟಿಯಲ್ಲಿ ಸೋಮವಾರ ಎಂದರೆ ಏನು ಎಂದು ಹೇಳಬೇಕು. ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ಈಗ ಅರ್ಧ ಊರಿಗೆ ಟ್ರ್ಯಾಕ್ಟರ್ ಬಂದಿದೆ. ಆದರೂ ಕೆಲವರು ಟ್ರ್ಯಾಕ್ಟರಿಗೂ ಸೋಮವಾರ ಸೂಟಿ ಕೊಟ್ಟು, ಮೈ ತೊಳೆದು, ವಿಭೂತಿ ಹಚ್ಚಿ ನಿಲ್ಲಿಸುತ್ತಾರೆ. ಹೆಣ್ಣು ನೋಡಲು ಹೋಗುವುದು, ಮನೆಗೆ ಪಾಯ ತೆಗೆಯುವುದು, ಮಗುವನ್ನು ಶಾಲೆಗೆ ಹಾಕುವುದು, ಎಲ್ಲವೂ ನಮ್ಮಲ್ಲಿ ಸೋಮವಾರ. ಮೈದಾನಕ್ಕೆ ಸೋಮವಾರ ಕೊಡುವುದೆಂದರೆ ಮನೆಗೆ ಬಂದ ಬೀಗರಿಗೆ ಹೋಳಿಗೆ ಮಾಡಿದ ಹಾಗೆ. ಓಣಿಯ ಯಾರೂ ಎದುರಾಡಲಿಲ್ಲ. ನಾವು ಎತ್ತಿಗೆ ಸೂಟಿ ಕೊಡುವ ದಿನವೇ ಅಲ್ಲಿಯವರು ತಮ್ಮ ಫೋಟೊಗಳಿಗೆ ಸೂಟಿ ಕೊಡುತ್ತಾರೆ ಎಂದು ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅದು ನನಗೆ ಗೊತ್ತಾದದ್ದು ಸ್ಟಾಫ್ ರೂಮಿನಿಂದ ಮ್ಯೂಸಿಯಮ್ಮಿಗೆ ಫೋನು ಮಾಡಿದಾಗ. ನಾನು ನನ್ನ ಹಿಂದಿಯಲ್ಲಿ ಒಂದು ವಾಕ್ಯ ಶುರು ಮಾಡುವುದು, ಹಿಂದಿ ಟೀಚರ್ ಅದನ್ನು ದಡ ಮುಟ್ಟಿಸುವುದು, ಹೀಗೆ ನಡೆಯಿತು. ಆ ಕಡೆಯ ಹೆಣ್ಣುಮಗಳು ಬಹಳ ಸಮಾಧಾನದವಳು. ಸೋಮವಾರ ಬಂದ್, ಮಂಗಳವಾರದಿಂದ ತೆರೆದಿರುತ್ತದೆ ಎಂದಳು. ವಿದ್ಯಾಪೀಠಗಳ ತಂಡಗಳ ಫೋಟೊ ಇದೆಯೇ ಎಂದು ಕೇಳಿದೆ. ಇದೆ, ಪ್ರತಿ ಫೋಟೊದ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಬರೆದಿದೆ, ಹುಡುಕುವುದು ಸುಲಭ ಎಂದಳು.

ಸಂಜೆ ಮನೆಗೆ ಬಂದು ಎರಡೂ ಸುದ್ದಿ ಹೇಳಿದೆ. ಸೋಮವಾರ ಬಂದ್ ಅಂದಾಗ ನಮ್ಮ ಮನೆಯವರು ಬಾಯಲ್ಲಿ "ಛೇ, ಛೇ" ಅಂದರು, ಮುಖ ಮಾತ್ರ ಎಣ್ಣೆ ಸ್ನಾನ ಮಾಡಿದ ಹಾಗೆ ಹೊಳೆಯಿತು. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಷ್ಯ ಅನ್ನುವ ಮುಖ. ಇನ್ನೊಂದು ಕಪ್ ಚಹಾ ಕೇಳಿ, "ಹೋಗ್ಲಿ ಬಿಡು, ಆ ದಿನಾ ಗಂಗಾಸಾಗರ ಮಾಡೂಣು," ಎಂದರು. ಹೆಸರು ಬರೆದಿದೆ ಎಂಬ ಎರಡನೆಯ ಸುದ್ದಿಗೆ ಅದೇ ಚಹಾ ನೆತ್ತಿಗೆ ಹತ್ತಿತು.

ಅತ್ತೆ ಮಾತ್ರ, "ಮಂಗಳವಾರ ಹೋಗೂಣು," ಎಂದರು. ನಮ್ಮ ಅತ್ತೆ ಮಂಗಳವಾರ ಹೊಸ ಕಸಬರಿಗೆ ಸಹ ಮನೆಯೊಳಗೆ ತರಲು ಬಿಡುವವರಲ್ಲ. ಮಂಗಳವಾರಕ್ಕೆ ಹಾಕಿದರೆ ಕಾಶಿಯ ರೈಲು ತಪ್ಪುತ್ತದೆ, ಮುಂದಿನ ರೈಲಿಗೆ ಜಾಗ ಇಲ್ಲ ಎಂದು ನಾನು ವಹಿ ತೋರಿಸಿ ಹೇಳಿದೆ.

"ತಪ್ಪಿದ್ರ ತಪ್ಪಲಿ. ಅವರು ಬೇಕಾದ್ರ ಹೋಗ್ಲಿ. ನಾ ಕಾಶಿ ಬಿಡ್ತೀನಿ, ಮಗನ ಫೋಟೊ ಬಿಡೂದಿಲ್ಲ."

ಹುಟ್ಟಿದಾಗಿನಿಂದ ದಿನಕ್ಕೆ ಎರಡು ಸಲ ಲಿಂಗಪೂಜೆ ತಪ್ಪಿಸದ ಹೆಂಗಸು ಒಂದು ಫೋಟೊಗಾಗಿ ಕಾಶಿ ಬಿಡುತ್ತೇನೆ ಅಂದಿದ್ದರು. ನಮ್ಮ ಮನೆಯವರು ಎದ್ದು ಹಿತ್ತಲಿಗೆ ಹೋದರು. ಚಹಾ ಅರ್ಧ ಹಾಗೇ ಇತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಟಿಕೆಟ್ ಮಾಡಿಸಲು ಹುಬ್ಬಳ್ಳಿ ಬಸ್ಸು ಹತ್ತಿದೆವು. ಅರ್ಧ ದಾರಿಯವರೆಗೆ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ತಿರುಗದೆ, "ಆ ಸ್ಟೇಡಿಯಂ ಬಿಟ್ಟಬಿಡೂಣೇನು?" ಎಂದರು.

"ಯಾಕ್ರಿ?"

"ಅವ್ವ ನನ್ನ ಸಲುವಾಗಿ ಕಾಶಿ ಬಿಡಬಾರ್ದು."

"ಕಾಶಿ ಎಲ್ಲಿ ಓಡಿ ಹೋಗತೈತ್ರಿ. ನಿಮ್ಮ ಫೋಟೊ ನೋಡಾಕ ಹೊಂಟಾರ ಅವರು."

"ಆ ಫೋಟೊದಾಗ ನಾ ಇಲ್ಲ."

ಕಂಡಕ್ಟರ್ ಬಂದು ಚಿಲ್ಲರೆ ಕೇಳಿದ. ನಾನು ಕೊಟ್ಟೆ. ಅವನು ಹಿಂದಿನ ಸೀಟಿಗೆ ಹೋಗುವವರೆಗೆ ಇವರು ಕಾದರು.

"ಹೋಗಿದ್ದು ಖರೆ," ಎಂದರು. "ಹದಿನಾರು ಮಂದಿ ಹೋಗಿದ್ವಿ. ನಾ ಹದಿನಾರನೇದಾಂವ. ಗೋಲ್‌ಕೀಪರ್ ಬ್ಯಾರೆದಾಂವ ಇದ್ದ. ಅವಗೇನರ ಆದ್ರ ನಾ ಇಳೀಬೇಕು. ಅವಗೇನೂ ಆಗ್ಲಿಲ್ಲ. ಒಂದ್ ನೆಗಡಿ ಸುದ್ದಾ ಬರ್ಲಿಲ್ಲ ಆ ಮಗಗ."

ನನಗೆ ನಗು ಬಂತು, ತಡೆದುಕೊಂಡೆ. "ಮತ್ತ ಬೆರಳ್ರಿ?"

"ಬಸ್ಸಿನ ಬಾಗಲಾಗ ಸಿಕ್ಕಿತ್ತು. ಇಂಥಾದ್ದ ಬಸ್ಸು. ದೋಸ್ತಗ ಗೊತ್ತೈತಿ."

"ಹದಿನಾರನೇದವರಾದ್ರೇನಾತು, ಫೋಟೊದಾಗ ಎಲ್ಲಾರ್ನೂ ನಿಂದ್ರಿಸಿರ್ತಾರಲ್ರಿ?"

"ಕುಡ್ಯಾಕ ನೀರ ತಾ ಅಂತ ಕಳಿಸಿದ್ರು, ಬಕೀಟು ತಗೊಂಡು ಹೋಗಿದ್ದೆ. ಬರೂದ್ರಾಗ ಫೋಟೊ ಮುಗದಿತ್ತು. ಇನ್ನೊಂದು ತೆಗೀರಿ ಅನ್ನಾಕ ನಾಚಿಕಿ ಬಂತು."

ಮೂವತ್ತು ವರ್ಷದಿಂದ ನಾನು ಹೇಳಿದ್ದೇ ನಿಜವಾಗಿತ್ತು. ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂತು, ಅದೂ ಅವರ ಮೇಲಲ್ಲ. ನಿಬಂಧ ಕದ್ದ ಹುಡುಗನನ್ನು ಹಿಡಿಯುವುದರಲ್ಲಿ ನಾನು ಎಷ್ಟು ಜಾಣೆ, ಹಾಗಾದರೆ ನಿಮ್ಮ ಸ್ವಂತದ್ದು ಏನಿದೆ ಹೇಳಿ ಎಂದು ಇವರನ್ನು ಒಂದು ದಿನವೂ ಕೇಳಿರಲಿಲ್ಲ. ಚೆಂಡಿನ ಎತ್ತರ ಕೇಳುತ್ತಾ ಮೂವತ್ತು ವರ್ಷ ಕಳೆದಿದ್ದೆ. ಪಕ್ಕದಲ್ಲಿ ಕೂತ ಈ ಐವತ್ತಾರು ವರ್ಷದ ಮನುಷ್ಯನ ಮೇಲೆ ನನಗೆ ಆ ಬಸ್ಸಿನಲ್ಲಿ ಬಂದ ಪ್ರೀತಿಯನ್ನು ಮದುವೆಯ ಮಂಟಪದಲ್ಲೂ ಕಂಡಿರಲಿಲ್ಲ. ಹಾಗೆಂದು ಅವರಿಗೆ ಹೇಳಲಿಲ್ಲ.

"ಅವ್ವಗ ನೀನ ಹೇಳು," ಎಂದರು. "ನಿನಗ ಮಾತ ಬರತಾವ."

"ಟಿಕೆಟ್ ಫಾರ್ಮ್ ನಾ ತುಂಬ್ತೀನ್ರಿ. ಇದನ್ನ ನೀವ ತುಂಬ್ರಿ," ಅಂದೆ.

ಒಂದು ಫಾರ್ಮಿನಲ್ಲಿ ಆರೇ ಹೆಸರು ಹಿಡಿಯುತ್ತವೆ. ಹದಿನಾಲ್ಕು ಜನಕ್ಕೆ ಮೂರು ಫಾರ್ಮು ತುಂಬಿ, ಹೋಗುವ ಟಿಕೆಟ್ ಅಷ್ಟೇ ಮಾಡಿಸಿ, ಮುಂದಿನದನ್ನು ಅತ್ತೆಯನ್ನು ಕೇಳಿ ಮಾಡುವುದು ಎಂದು ಬಿಟ್ಟು ಬಂದೆವು. ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ದಾರಿಯ ಚಟ್ನಿಗೆ ಶೇಂಗಾ ಒಡೆಯುತ್ತಿದ್ದರು. ಇವರು ಹೋಗಿ ಅವರ ಮುಂದೆ ನಿಂತರು, ಹೋಮ್‌ವರ್ಕ್ ಮಾಡದ ಹುಡುಗರು ನನ್ನ ಮುಂದೆ ನಿಲ್ಲುವ ಹಾಗೆ, ಒಂದು ಕಾಲಿನ ಮೇಲೆ ಭಾರ ಹಾಕಿ.

"ಅವ್ವಾ, ನಾ ಅಲ್ಲಿ ಆಡಿಲ್ಲ."

ಅತ್ತೆ ತಲೆ ಎತ್ತಿದರು. "ಮತ್ತೇನ್ ಮಾಡಿದಿ?"

"ಬಾಜೂಕ ಕುಂದ್ರಾಕ ಒಂದು ಉದ್ದನ ಬಾಕ ಇತ್ತು. ಅದರ ಮ್ಯಾಲ ಕುಂತಿದ್ದೆ."

"ಎಷ್ಟೊತ್ತು?"

"ಮೂರ ದಿನ."

"ಮೂರ ದಿನ ಬರೇ ಕುಂತಿದ್ದ್ಯಾ? ಬಿಸಲಾಗ?"

"ಹೂಂ."

"ಊಟಕ್ಕ ಹಾಕಿದ್ರಿಲ್ಲೊ?"

"ಹಾಕಿದ್ರು. ದಿನಾ ಮೀನ ಇರ್ತಿತ್ತು. ನಾ ಅನ್ನ ಆಲೂಗಡ್ಡಿ ತಿಂದೆ."

ಅತ್ತೆ ಸ್ವಲ್ಪ ಸರಿದು ಜಾಗ ಮಾಡಿದರು, ಇವರು ಕೂತರು. ಆಮೇಲೆ ಕೇಳದೆಯೇ ಹೇಳತೊಡಗಿದರು. ನಾನು ಬಾಗಿಲ ಬಳಿ ಚೀಲ ಹಿಡಿದುಕೊಂಡೇ ನಿಂತು ಕೇಳಿದೆ. ಹದಿನೈದು ಜನರ ಅಂಗಿ, ಗಡಿಯಾರ, ಒಬ್ಬನ ಉಂಗುರ ಎಲ್ಲ ಇವರ ತೊಡೆಯ ಮೇಲೆ ಇದ್ದವಂತೆ. ಹಾಗಾಗಿ ಗೋಲು ಬಿದ್ದಾಗ ಎದ್ದು ಕುಣಿಯಲೂ ಆಗಲಿಲ್ಲವಂತೆ. ಎರಡನೆಯ ದಿನ ಎಲ್ಲರೂ ಊಟಕ್ಕೆ ಹೋದ ಮೇಲೆ ಗೆರೆ ದಾಟಿ ಎರಡು ಹೆಜ್ಜೆ ಒಳಗೆ ಹೋಗಿ ಹುಲ್ಲಿನ ಮೇಲೆ ಕೈಯಾಡಿಸಿ ಬಂದರಂತೆ. ನಮ್ಮ ಭತ್ತದ ಸಸಿಮಡಿಯ ಹಾಗೆ ತಣ್ಣಗಿತ್ತಂತೆ. ಈ ಕಥೆಯಲ್ಲಿ ಮರ ಹತ್ತಿದವರು ಯಾರೂ ಇರಲಿಲ್ಲ. ಒಂದು ಮಾತಿಗೂ ನಾನು ಬಾಯಿ ಹಾಕಲಿಲ್ಲ.

"ಫೋಟೊದಾಗೂ ನಾ ಇಲ್ಲವ್ವಾ," ಎಂದು ಕೊನೆಗೆ ಹೇಳಿದರು.

ಅತ್ತೆ ಮಡಿಲಿನ ಶೇಂಗಾ ಸಿಪ್ಪೆಯನ್ನು ಅಂಗಳಕ್ಕೆ ಕೊಡವಿದರು. ಮಂಗಳವಾರ ಹೋಯಿತು, ಮೈದಾನ ಹೋಯಿತು, ಮೂವತ್ತು ವರ್ಷ ಮಜ್ಜಿಗೆಯ ಸಂಗಡ ಹಂಚಿದ ಗೋಲೂ ಹೋಯಿತು ಎಂದುಕೊಂಡೆ.

"ನೀ ಇಲ್ಲದ ಫೋಟೊ ತಗೊಂಡು ನಾ ಏನ್ ಮಾಡ್ಲಿ," ಎಂದರು ಅತ್ತೆ. "ಆ ಬಾಕ ಐತೇನು ಇನ್ನ?"

"ಅದ ಇರೂದಿಲ್ಲ. ಬ್ಯಾರೆ ಹಾಕಿರ್ತಾರ."

"ಜಾಗಾ ಅದ ಇರತೈತ್ರಿ ಅತ್ತಿ," ಎಂದು ನಾನು ಬಾಗಿಲಿನಿಂದಲೇ ಅಂದೆ. "ಆಟಗಾರರು ಕುಂದ್ರೂ ಕಡಿನೂ ಕರ್ಕೊಂಡ್ ಹೋಗಿ ತೋರಿಸ್ತಾರಂತ, ಫೋನಿನಾಗ ಹೇಳ್ಯಾರ."

"ಹಂಗಾರ ಮಂಗಳವಾರನ ಹೋಗೂಣು." ಅತ್ತೆ ಮಗನ ಕಡೆ ತಿರುಗಿದರು. "ಆಡಿದ ಜಾಗಾ ಆಗಿದ್ರ ನಾ ಏನ್ ಮಾಡ್ತಿದ್ನೊ, ದೂರ ನಿಂತು ಕೈ ಮುಗದು ಬರ್ತಿದ್ನಿ. ಕುಂತ ಜಾಗಾ ಅಂದ್ರ ನನಗೂ ಕುಂದ್ರಾಕ ಬರತೈತಿ. ಆಗ ಮೂರ ದಿನ ಒಬ್ಬನ ಕುಂತಿದ್ದಿ ತಮ್ಮಾ. ಈ ಸಲ ಬಾಜೂಕ ನಾ ಇರ್ತೀನಿ."